ಸಹಿ ಬಿದ್ದಿದೆ, ಓದಿದವರು ಯಾರು?

ಸಾಫ್ಟ್‌ವೇರ್ ಕೆಲಸದಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತಿರುವ ಒಂದು ಇ-ಮೇಲ್ ಇದೆ. ಅದರಲ್ಲಿರುವುದು ಎರಡೇ ಪದ: ‘ಅಪ್ರೂವ್ಡ್, ಪ್ರೊಸೀಡ್’. ನೂರೈವತ್ತು ಪುಟಗಳ ದಾಖಲೆಯನ್ನು ಗ್ರಾಹಕರಿಗೆ ಕಳುಹಿಸಿ ಎರಡು ವಾರ ಕಾದು, ಮೂರು ಸಲ ನೆನಪಿಸಿ, ಕೊನೆಗೊಂದು ಶುಕ್ರವಾರ ಸಂಜೆ ಈ ಉತ್ತರ ಬರುತ್ತದೆ. ಅದು ಬಂದ ಕೂಡಲೇ ಪ್ರಾಜೆಕ್ಟ್ ಮ್ಯಾನೇಜರ್ ನಿಟ್ಟುಸಿರು ಬಿಡುತ್ತಾರೆ, ಅಕೌಂಟ್ಸ್ ವಿಭಾಗದವರು ಇನ್‌ವಾಯ್ಸ್ ಸಿದ್ಧಪಡಿಸುತ್ತಾರೆ, ಕೋಡ್ ಬರೆಯುವವರು ಕೆಲಸ ಶುರು ಮಾಡುತ್ತಾರೆ. ಆ ದಾಖಲೆಯನ್ನು ಯಾರಾದರೂ ಓದಿದರೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಪುಣೆಯಲ್ಲಿ ಬಿಸಿನೆಸ್ ಅನಲಿಸ್ಟ್ ಆಗಿ ನಾನು ಮಾಡುವ ಕೆಲಸವೇ ಇದು. ಗ್ರಾಹಕರ ಬಳಿ ಹೋಗಿ, ಅವರಿಗೆ ಏನು ಬೇಕೆಂದು ಕೇಳಿ, ಅದನ್ನು ಬರೆದು, ಅವರಿಂದ ಒಪ್ಪಿಗೆ ಪಡೆದು, ನಮ್ಮ ತಂಡಕ್ಕೆ ಕೊಡುವುದು. ನಮ್ಮ ಗ್ರಾಹಕರಲ್ಲಿ ಸಕ್ಕರೆ ಕಾರ್ಖಾನೆಗಳು, ಸಹಕಾರಿ ಪತ್ತಿನ ಸಂಘಗಳು, ಮಧ್ಯಮ ಗಾತ್ರದ ಆಸ್ಪತ್ರೆಗಳಿವೆ. ಹದಿನಾಲ್ಕು ವರ್ಷಗಳ ಈ ಓಡಾಟದಲ್ಲಿ ಕಂಡದ್ದರ ಆಧಾರದ ಮೇಲೆ ಒಂದು ಮಾತು ಹೇಳಬಹುದು. ಓದದೆ ಹಾಕಿದ ಸಹಿಯ ಬೆಲೆಯನ್ನು ಸಹಿ ಹಾಕಿದವರು ತೆರುವುದು ಕಡಿಮೆ. ಸಹಿ ಹಾಕಿಸಿಕೊಂಡವರೂ ತೆರುವುದಿಲ್ಲ. ಅದು ಬೀಳುವುದು ಆ ದಾಖಲೆಯನ್ನು ಎಂದೂ ನೋಡದ ಮೂರನೆಯವರ ಮೇಲೆ: ಬಿಲ್ಲಿಗಾಗಿ ಕಾಯುವ ರೈತ, ಸಂಬಳಕ್ಕಾಗಿ ಕಾಯುವ ನರ್ಸ್, ಕೌಂಟರಿನಲ್ಲಿ ಬೈಸಿಕೊಳ್ಳುವ ಗುಮಾಸ್ತ.

ಈ ವಿಷಯವನ್ನು ಈಗ ಎತ್ತಲು ಒಂದು ಕಾರಣವಿದೆ. ಚಾಟ್‌ಜಿಪಿಟಿಯಂಥ ಸಾಧನಗಳು ಬಂದ ಮೇಲೆ ದಾಖಲೆ ಬರೆಯುವುದು ತೀರಾ ಅಗ್ಗವಾಗಿದೆ. ಮೊದಲು ಮೂರು ವಾರ ಹಿಡಿಯುತ್ತಿದ್ದ ದಾಖಲೆಯ ಕರಡು ಈಗ ಅರ್ಧ ದಿನದಲ್ಲಿ ಸಿದ್ಧ. ಅಚ್ಚುಕಟ್ಟಾದ ಶೀರ್ಷಿಕೆಗಳು, ಕೋಷ್ಟಕಗಳು, ತಪ್ಪಿಲ್ಲದ ಇಂಗ್ಲಿಷ್ ಎಲ್ಲವೂ ಇರುತ್ತವೆ. ಆದರೆ ಅದನ್ನು ಓದಬೇಕಾದ ಮನುಷ್ಯನ ಕಣ್ಣು, ಸಮಯ, ತಾಳ್ಮೆ ಮೊದಲಿದ್ದಷ್ಟೇ ಇವೆ. ಬರೆಯುವ ಖರ್ಚು ಇಳಿದಷ್ಟೂ ಪುಟಗಳು ಹೆಚ್ಚುತ್ತಿವೆ, ಪುಟಗಳು ಹೆಚ್ಚಿದಷ್ಟೂ ಓದು ಕಡಿಮೆಯಾಗುತ್ತಿದೆ.

ಓದದಿರಲು ಕಾರಣಗಳಿವೆ

ಗ್ರಾಹಕರು ಸೋಮಾರಿಗಳು, ಅದಕ್ಕೇ ಓದುವುದಿಲ್ಲ ಎಂಬ ಮಾತು ನಮ್ಮ ಕ್ಯಾಂಟೀನುಗಳಲ್ಲಿ ಸಾಮಾನ್ಯ. ಅದನ್ನು ನಾನು ಒಪ್ಪುವುದಿಲ್ಲ. ತಮ್ಮ ಹೊಲದ ಪಹಣಿಯನ್ನು ಅಕ್ಷರ ಅಕ್ಷರ ಓದುವ ಜನ, ಬ್ಯಾಂಕಿನ ಸಾಲಪತ್ರದ ಬಡ್ಡಿ ದರವನ್ನು ಬೆರಳಿಟ್ಟು ನೋಡುವ ಜನ, ನಾವು ಕೊಟ್ಟ ದಾಖಲೆಯನ್ನು ಮಾತ್ರ ಓದುವುದಿಲ್ಲವೆಂದರೆ ಆ ದಾಖಲೆಯಲ್ಲೇ ಏನೋ ಕೊರತೆ ಇರಬೇಕು.

ಮೊದಲ ಕೊರತೆ, ಅದು ತಪ್ಪು ಮನುಷ್ಯನ ಕೈಗೆ ಹೋಗುತ್ತದೆ. ಕಾರ್ಖಾನೆಯ ವ್ಯವಸ್ಥಾಪಕ ನಿರ್ದೇಶಕರಿಗೆ ಸಹಿ ಹಾಕುವ ಅಧಿಕಾರವಿದೆ, ಆದರೆ ತೂಕದ ಕಾಟಾದ ಮೇಲೆ ಟ್ರ್ಯಾಕ್ಟರ್ ನಿಂತಾಗ ಏನೇನಾಗುತ್ತದೆ ಎಂಬುದು ಅವರಿಗೆ ತಿಳಿದಿರಬೇಕೆಂದಿಲ್ಲ. ಅದು ಗೊತ್ತಿರುವ ಕಾಟಾ ಗುಮಾಸ್ತನಿಗೆ ಆ ದಾಖಲೆ ಇದೆಯೆಂಬ ಸುದ್ದಿಯೇ ತಲುಪುವುದಿಲ್ಲ. ಅಧಿಕಾರ ಒಬ್ಬರಲ್ಲಿ, ತಿಳಿವಳಿಕೆ ಇನ್ನೊಬ್ಬರಲ್ಲಿ. ಸಹಿಯ ಜಾಗ ಮಾತ್ರ ಒಂದೇ.

ಎರಡನೆಯದು ಭಾಷೆ. ಇಂಗ್ಲಿಷ್ ಬರುವುದಿಲ್ಲ ಎಂಬುದಷ್ಟೇ ಇಲ್ಲಿನ ತೊಡಕಲ್ಲ. ನಮ್ಮ ದಾಖಲೆಗಳ ಇಂಗ್ಲಿಷ್ ಯಾರೂ ಮಾತನಾಡದ ಇಂಗ್ಲಿಷ್. ‘ವ್ಯವಸ್ಥೆಯು ಅನ್ವಯವಾಗುವ ನಿಯಮಗಳಂತೆ ಲೆಕ್ಕ ಮಾಡತಕ್ಕದ್ದು’ ಎಂಬ ಧಾಟಿಯ ವಾಕ್ಯಗಳು. ಕೇಳಲು ಸರಿಯಾಗಿಯೇ ಇರುತ್ತವೆ, ಏನನ್ನೂ ಹೇಳುವುದಿಲ್ಲ. ಯಾರೂ ತಕರಾರು ತೆಗೆಯಲಾಗದಂತೆ ಬರೆದ ವಾಕ್ಯದಲ್ಲಿ ಓದಲು ಏನಿರುತ್ತದೆ?

ಮೂರನೆಯದು ನಮ್ಮದೇ ಲಾಭ. ಹೆಚ್ಚಿನ ಒಪ್ಪಂದಗಳಲ್ಲಿ ಹಣ ಕಂತುಗಳಲ್ಲಿ ಬರುತ್ತದೆ. ದಾಖಲೆಗೆ ಒಪ್ಪಿಗೆ ಸಿಕ್ಕರೆ ಒಂದು ಕಂತು. ಆದ್ದರಿಂದ ಕಂಪನಿಗೆ ಬೇಕಿರುವುದು ಸಹಿ, ಓದು ಅಲ್ಲ. ಗ್ರಾಹಕರು ನಿಜವಾಗಿ ಓದಿದರೆ ಪ್ರಶ್ನೆಗಳು ಬರುತ್ತವೆ, ಪ್ರಶ್ನೆ ಬಂದರೆ ಬದಲಾವಣೆ, ಬದಲಾವಣೆಯಾದರೆ ವಿಳಂಬ. ಕೆಲವು ಒಪ್ಪಂದಗಳಲ್ಲಿ ಇನ್ನೂ ಒಂದು ಕಲಂ ಇರುತ್ತದೆ: ಇಷ್ಟು ಕೆಲಸದ ದಿನಗಳೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಸಿಕ್ಕಿದೆಯೆಂದೇ ತಿಳಿಯತಕ್ಕದ್ದು. ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಹಳೆಯ ಮಾತನ್ನು ವಕೀಲರ ಭಾಷೆಯಲ್ಲಿ ಬರೆದಂತೆ. ವಿಳಂಬ ತಪ್ಪಿಸಲು ಅದು ಬೇಕಾಗುತ್ತದೆ ನಿಜ. ಆದರೆ ಓದದಿರುವುದನ್ನೂ ಒಪ್ಪಿಗೆಯ ಲೆಕ್ಕಕ್ಕೆ ಸೇರಿಸಿಬಿಡುತ್ತದೆ.

ನಾಲ್ಕನೆಯದು ಭಯ. ಸಹಿ ಹಾಕಿದರೆ ಹೊಣೆ ತಲೆಯ ಮೇಲೆ. ಸರ್ಕಾರಿ ಮತ್ತು ಸಹಕಾರಿ ಸಂಸ್ಥೆಗಳಲ್ಲಿ ನಾಳೆ ಆಡಿಟ್ ಬರುತ್ತದೆ. ಹಾಗಾಗಿ ಕೆಲವರು ಫೈಲನ್ನು ತಿಂಗಳುಗಟ್ಟಲೆ ಮೇಜಿನ ಮೇಲಿಡುತ್ತಾರೆ. ಇನ್ನು ಕೆಲವರು ಓದದೇ ಸಹಿ ಹಾಕುತ್ತಾರೆ. ಓದಿದ್ದೂ ತಪ್ಪು ಹಿಡಿಯಲಿಲ್ಲ ಎನ್ನಿಸಿಕೊಳ್ಳುವುದಕ್ಕಿಂತ ‘ತಾಂತ್ರಿಕ ವಿಷಯ, ಕಂಪನಿಯವರನ್ನು ನಂಬಿದೆವು’ ಎನ್ನುವುದು ಅವರಿಗೆ ಸುರಕ್ಷಿತವಾಗಿ ಕಾಣುತ್ತದೆ.

ನಮ್ಮ ವೃತ್ತಿಯ ಮಾನದಂಡಗಳನ್ನೇ ನೋಡಿ. ಇಂಥ ದಾಖಲೆ ಹೇಗಿರಬೇಕೆಂದು ಹೇಳುವ, ಬಹುಕಾಲ ಬಳಕೆಯಲ್ಲಿದ್ದ ಐಟ್ರಿಪಲ್‌ಇ ಸಂಸ್ಥೆಯ 1998ರ 830ನೇ ಮಾನದಂಡ ಒಳ್ಳೆಯ ದಾಖಲೆಗೆ ಎಂಟು ಗುಣಗಳನ್ನು ಪಟ್ಟಿ ಮಾಡುತ್ತದೆ: ಸರಿಯಾಗಿರಬೇಕು, ಸಂದಿಗ್ಧವಾಗಿರಬಾರದು, ಪೂರ್ಣವಾಗಿರಬೇಕು, ಪರೀಕ್ಷಿಸಲು ಬರಬೇಕು ಇತ್ಯಾದಿ. ಎಲ್ಲವೂ ಬೇಕಾದ ಗುಣಗಳೇ. ಆದರೆ ಬಿಡುವಿಲ್ಲದ ಗ್ರಾಹಕ ಕೂತು ಓದುವಂತಿರಬೇಕು ಎಂಬುದು ಆ ಎಂಟರಲ್ಲಿ ಒಂದಾಗಿ ಬಂದಿಲ್ಲ.

ಒಂದು ಪದ, ಹತ್ತು ಕೋಟಿ

ಇದು ಕಾಗದದ ಮೇಲಿನ ಜಗಳವಲ್ಲ ಎಂದು ತೋರಿಸಲು ಕಬ್ಬಿನ ಬಿಲ್ಲಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಪುಣೆ, ಮುಂಬೈಗೆ ಬಂದಿರುವ ನಮ್ಮಲ್ಲಿ ಅನೇಕರ ಮನೆಯ ಲೆಕ್ಕ ಇಂದಿಗೂ ಆ ಬಿಲ್ಲಿನ ಮೇಲೇ ನಿಂತಿದೆ.

ಕಬ್ಬಿಗೆ ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೂ ಎಫ್‌ಆರ್‌ಪಿ, ಅಂದರೆ ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ನಿಗದಿ ಮಾಡುತ್ತದೆ. 2025–26ರ ಹಂಗಾಮಿಗೆ ಅದು ಶೇ 10.25ರ ಮೂಲ ರಿಕವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ರಿಕವರಿ ಎಂದರೆ ನುರಿಸಿದ ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ. ಅದು 10.25ಕ್ಕಿಂತ ಪ್ರತಿ 0.1ರಷ್ಟು ಹೆಚ್ಚಾದಾಗ ಕ್ವಿಂಟಲ್‌ಗೆ 3.46 ರೂಪಾಯಿ ಸೇರುತ್ತದೆ. ಕಬ್ಬು ಕಳುಹಿಸಿದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ.

ಈಗ ಸಾಫ್ಟ್‌ವೇರ್ ದಾಖಲೆಯ ಒಂದು ವಾಕ್ಯ ನೋಡಿ: ‘ರಿಕವರಿಯ ಆಧಾರದ ಮೇಲೆ ಎಫ್‌ಆರ್‌ಪಿ ಲೆಕ್ಕ ಹಾಕತಕ್ಕದ್ದು.’ ನೋಡಲು ಏನೂ ತಪ್ಪಿಲ್ಲ. ಆದರೆ ಯಾವ ಹಂಗಾಮಿನ ರಿಕವರಿ? ಹೋದ ವರ್ಷದ್ದೋ, ಈ ವರ್ಷದ್ದೋ? ಹೋದ ವರ್ಷ ಶೇ 11.5 ಇದ್ದು, ಈ ವರ್ಷ ಶೇ 11ಕ್ಕೆ ಇಳಿದಿದೆ ಎಂದುಕೊಳ್ಳಿ. ಹೋದ ವರ್ಷದ ಲೆಕ್ಕದಲ್ಲಿ ಕ್ವಿಂಟಲ್‌ಗೆ 398 ರೂಪಾಯಿ 25 ಪೈಸೆ, ಈ ವರ್ಷದ ಲೆಕ್ಕದಲ್ಲಿ 380 ರೂಪಾಯಿ 95 ಪೈಸೆ. ವ್ಯತ್ಯಾಸ ಟನ್‌ಗೆ 173 ರೂಪಾಯಿ. ನೂರು ಟನ್ ಕಳುಹಿಸಿದ ರೈತನಿಗೆ 17,300 ರೂಪಾಯಿ. ಆರು ಲಕ್ಷ ಟನ್ ನುರಿಸುವ ಕಾರ್ಖಾನೆಗೆ ಹತ್ತು ಕೋಟಿಗೂ ಮೇಲೆ. ಎಲ್ಲವೂ ಬರೆಯದೇ ಬಿಟ್ಟ ಒಂದು ಪದದ ಮೇಲೆ ನಿಂತಿದೆ.

ಇದು ಕಲ್ಪನೆಯ ಪ್ರಶ್ನೆಯೂ ಅಲ್ಲ. 2022ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ಎಫ್‌ಆರ್‌ಪಿಯನ್ನು ಕಂತುಗಳಲ್ಲಿ ಕೊಡಲು ಮತ್ತು ಆಯಾ ಹಂಗಾಮಿನ ರಿಕವರಿಗೆ ಜೋಡಿಸಲು ಆದೇಶ ಹೊರಡಿಸಿತ್ತು. ರೈತ ನಾಯಕ ರಾಜು ಶೆಟ್ಟಿ ಅದನ್ನು ಪ್ರಶ್ನಿಸಿದರು. 2025ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಹೈಕೋರ್ಟ್ ಮೆಟ್ಟಿಲೇರಿದ ಪ್ರಶ್ನೆಯೊಂದು ನಮ್ಮ ದಾಖಲೆಗಳಲ್ಲಿ ಅರ್ಧ ಸಾಲಿನಲ್ಲಿ ಮುಗಿದುಹೋಗಿರುತ್ತದೆ.

ಗಡಿಯ ಈಚೆಗೂ ಅದೇ ಕಥೆ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್‌ಗೆ 3,500 ರೂಪಾಯಿ ಕೇಳಿ ಕೂತದ್ದು, ಹೋರಾಟ ಸುತ್ತಲಿನ ಜಿಲ್ಲೆಗಳಿಗೆ ಹಬ್ಬಿದ್ದು ನಮಗೆಲ್ಲ ನೆನಪಿದೆ. ಕೊನೆಗೆ ರಾಜ್ಯ ಸರ್ಕಾರದ ಮಧ್ಯಸ್ಥಿಕೆಯಲ್ಲಿ 3,300 ರೂಪಾಯಿಗೆ ತೀರ್ಮಾನವಾಯಿತು. ಅದರಲ್ಲಿ 50 ರೂಪಾಯಿ ಸರ್ಕಾರದ ಪಾಲು. ಪತ್ರಿಕೆಗಳಲ್ಲಿ ಅದು ಒಂದು ತಲೆಬರಹ. ಕಾರ್ಖಾನೆಯ ಸಾಫ್ಟ್‌ವೇರಿಗೆ ಅದು ಹತ್ತು ಪ್ರಶ್ನೆ. ಆ 50 ರೂಪಾಯಿ ಕಾರ್ಖಾನೆಯ ಬಿಲ್ಲಿನಲ್ಲಿ ಮುದ್ರಣವಾಗಬೇಕೇ? ಸರ್ಕಾರದ ಹಣ ತಡವಾಗಿ ಬಂದರೆ ಬಿಲ್ಲನ್ನು ಬಾಕಿ ಎಂದು ತೋರಿಸಬೇಕೇ? ತೀರ್ಮಾನಕ್ಕೆ ಮೊದಲು ಕಬ್ಬು ಕಳುಹಿಸಿದವರ ಲೆಕ್ಕ ತಿದ್ದುವುದು ಹೇಗೆ? ಸೊಸೈಟಿಯ ಸಾಲ ಕಡಿತ ಯಾವ ಮೊತ್ತದ ಮೇಲೆ? ಇವುಗಳಿಗೆ ಉತ್ತರ ಕೊಡಬೇಕಾದವರು ಕೋಡ್ ಬರೆಯುವ ಹುಡುಗರಲ್ಲ. ಆದರೆ ದಾಖಲೆಯಲ್ಲಿ ಉತ್ತರ ಇಲ್ಲದಿದ್ದರೆ ಅವರೇ ರಾತ್ರಿ ಹನ್ನೊಂದು ಗಂಟೆಗೆ ತಮಗೆ ತೋಚಿದ ಉತ್ತರ ಬರೆಯುತ್ತಾರೆ. ಅದೇ ನಿಯಮವಾಗಿಬಿಡುತ್ತದೆ.

ಕೃಷ್ಣಾ ತೀರದ ಒಂದು ಕಾರ್ಖಾನೆಯ ಕೆಲಸ ನಮಗೆ ಬಂದಿತ್ತು. ಎರಡೂ ರಾಜ್ಯಗಳಿಂದ ಅಲ್ಲಿಗೆ ಕಬ್ಬು ಬರುತ್ತದೆ. ಹಳೆಯ ಸಾಫ್ಟ್‌ವೇರನ್ನು ಬೇರೆ ಯಾರೋ ಮಾಡಿದ್ದರು. ಅದರ ಫೈಲು ತೆರೆದರೆ 148 ಪುಟಗಳ ದಾಖಲೆ, ಕೊನೆಯ ಪುಟದಲ್ಲಿ ದುಂಡಗಿನ ಮೊಹರು, ಸಹಿ. ಉಳಿದ 147 ಪುಟಗಳಲ್ಲಿ ಒಂದು ಪೆನ್ಸಿಲ್ ಗುರುತೂ ಇರಲಿಲ್ಲ. ಮೇಲೆ ಹೇಳಿದ ರಿಕವರಿಯ ವಾಕ್ಯ 61ನೇ ಪುಟದಲ್ಲಿತ್ತು. ಆ ಸಾಫ್ಟ್‌ವೇರ್ ಬಂದ ಮೊದಲ ಹಂಗಾಮಿನಲ್ಲಿ ಸಾವಿರಾರು ಬಿಲ್ಲುಗಳನ್ನು ಕೈಯಿಂದ ತಿದ್ದಬೇಕಾಯಿತಂತೆ. ರೈತರು ಗೇಟಿನ ಮುಂದೆ ಬಂದು ನಿಂತಾಗ ಉತ್ತರಿಸಿದವರು ಕಬ್ಬು ವಿಭಾಗದ ಮೂವರು ಗುಮಾಸ್ತರು. ಸಹಿ ಹಾಕಿದವರೂ ಇರಲಿಲ್ಲ, ಹಾಕಿಸಿಕೊಂಡವರೂ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ಹೊಸ ದಾಖಲೆಯನ್ನು ನಾವು ಆ ಮೂವರ ಜೊತೆ ಕೂತು ಓದಿದೆವು. ಇಬ್ಬರು ಮರಾಠಿ, ಒಬ್ಬರು ಕನ್ನಡ. ರಿಕವರಿಯ ಸಾಲು ಬಂದಾಗ ಅವರಲ್ಲಿ ಹಿರಿಯರು, ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದವರು, ಬೆರಳೆತ್ತಿ ಕೇಳಿದರು: “ಸಾಹೇಬ್ರ, ಯಾವ ವರ್ಷದ ರಿಕವರಿ ಅಂತ ಇಲ್ಲಿ ಬರದಿಲ್ಲಲಾ?” ಹೋದ ಸಲ ನಿಮ್ಮನ್ನು ಯಾರೂ ಕೇಳಲಿಲ್ಲವೇ ಎಂದೆ. “ನಮ್ಮನ್ಯಾರ ಕೇಳ್ತಾರ್ರೀ? ಕಂಪ್ಯೂಟರ್ ಬಂದ ಮ್ಯಾಲೆ ಕಂಪ್ಯೂಟರ್ ಹೇಳಿದ್ದ ಲೆಕ್ಕ.” ಅವರ ಆ ಒಂದು ಪ್ರಶ್ನೆಗೆ ನಮ್ಮ ತಂಡದ ಮೂರು ತಿಂಗಳ ಕೆಲಸದಷ್ಟು ಬೆಲೆ ಇತ್ತು.

ದೂರದ ಒಂದು ಪಾಠ

ಇದು ನಮ್ಮ ಸಹಕಾರಿ ಸಂಸ್ಥೆಗಳ ಹಣೆಬರಹ ಎಂದುಕೊಳ್ಳಬೇಡಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಆರೋಗ್ಯ ಇಲಾಖೆ 2010ರ ಮಾರ್ಚ್‌ನಲ್ಲಿ ಹೊಸ ಸಂಬಳ ವ್ಯವಸ್ಥೆಯನ್ನು ಚಾಲೂ ಮಾಡಿತು. ಸಾವಿರಾರು ನರ್ಸ್‌ಗಳಿಗೆ, ವೈದ್ಯರಿಗೆ, ಆಸ್ಪತ್ರೆ ನೌಕರರಿಗೆ ಸಂಬಳ ಕಡಿಮೆ ಬಂತು, ಹೆಚ್ಚು ಬಂತು, ಕೆಲವರಿಗೆ ಬರಲೇ ಇಲ್ಲ. ಸರ್ಕಾರ ನೇಮಿಸಿದ ವಿಚಾರಣಾ ಆಯೋಗ 2013ರಲ್ಲಿ ವರದಿ ಕೊಟ್ಟಿತು. ಒಟ್ಟು ಹೊರೆ 120 ಕೋಟಿ ಆಸ್ಟ್ರೇಲಿಯನ್ ಡಾಲರ್ ಎಂಬ ಅಂದಾಜು ಆಗ ಸುದ್ದಿಯಾಯಿತು. ಇಲಾಖೆಗೆ ನಿಜವಾಗಿ ಏನು ಬೇಕು ಎಂಬುದು ಸರಿಯಾಗಿ ತೀರ್ಮಾನವಾಗದೆಯೇ ಕೆಲಸ ಮುಂದುವರಿದಿತ್ತು ಎಂಬುದು ಆ ವರದಿಯ ಮುಖ್ಯ ಮಾತುಗಳಲ್ಲೊಂದು. ಅದಕ್ಕೆ ಎರಡೂ ಕಡೆಯವರನ್ನು ಆಯೋಗ ಟೀಕಿಸಿತು.

ಮುಂದಿನ ಭಾಗವನ್ನು ಗಮನಿಸಿ. ಸರ್ಕಾರ ಗುತ್ತಿಗೆದಾರ ಕಂಪನಿ ಐಬಿಎಂ ವಿರುದ್ಧ ಪರಿಹಾರಕ್ಕಾಗಿ ದಾವೆ ಹೂಡಿತು. 2010ರಲ್ಲೇ ಎರಡೂ ಕಡೆಯವರು ಒಂದು ಪೂರಕ ಒಪ್ಪಂದಕ್ಕೆ ಸಹಿ ಹಾಕಿದ್ದರು. ಆ ಒಪ್ಪಂದ ಕಂಪನಿಯನ್ನು ಹೊಣೆಯಿಂದ ಬಿಡುಗಡೆ ಮಾಡಿದೆ ಎಂದು 2015ರಲ್ಲಿ ನ್ಯಾಯಾಲಯ ಕಂಪನಿಯ ಪರ ತೀರ್ಪು ಕೊಟ್ಟಿತು. ಸಹಿಗೆ ಎಷ್ಟು ತೂಕವಿದೆ ಎಂದು ಸಹಿ ಹಾಕುವ ಹೊತ್ತಿಗೆ ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ನ್ಯಾಯಾಲಯದಲ್ಲಿರುತ್ತೇವೆ.

ಇದಕ್ಕೆ ದಾಖಲೆಯನ್ನೇ ಬಿಟ್ಟುಬಿಡುವುದು ಮದ್ದು ಎನ್ನುವವರಿದ್ದಾರೆ. 2001ರಲ್ಲಿ ಅಮೆರಿಕದ ಯೂಟಾದಲ್ಲಿ ಹದಿನೇಳು ಮಂದಿ ಸೇರಿ ರೂಪಿಸಿದ ಅಜೈಲ್ ಪ್ರಣಾಳಿಕೆ, ಕೆಲಸ ಮಾಡುವ ಸಾಫ್ಟ್‌ವೇರನ್ನು ಸಮಗ್ರ ದಾಖಲೆಗಿಂತ ಹೆಚ್ಚು ಬೆಲೆಯುಳ್ಳದ್ದೆಂದು ಸಾರಿತು. ದಾಖಲೆಗೆ ಬೆಲೆಯೇ ಇಲ್ಲ ಎಂದು ಅದು ಹೇಳಲಿಲ್ಲ. ಆದರೆ ನಮ್ಮ ಅನೇಕ ಕಂಪನಿಗಳಲ್ಲಿ ಅಜೈಲ್ ಎಂದರೆ ಬರೆಯದೇ ಇರಲು ಸಿಕ್ಕ ಪರವಾನಗಿ ಎಂದಾಗಿದೆ. ಎರಡು ವಾರಕ್ಕೊಮ್ಮೆ ಪರದೆಯ ಮೇಲೆ ಡೆಮೊ ತೋರಿಸಿದರೆ ಗ್ರಾಹಕರು ಬಟನ್ನಿನ ಬಣ್ಣದ ಬಗ್ಗೆ ಮಾತಾಡುತ್ತಾರೆ. ರಿಕವರಿ ಯಾವ ವರ್ಷದ್ದು ಎಂಬುದು ಪರದೆಯ ಮೇಲೆ ಕಾಣುವುದಿಲ್ಲ. ಅದು ಕಾಣುವುದು ಜನವರಿಯಲ್ಲಿ, ರೈತನ ಬ್ಯಾಂಕ್ ಪಾಸ್‌ಬುಕ್‌ನಲ್ಲಿ.

ಈಗಿನ ಇನ್ನೊಂದು ಮದ್ದು ಯಂತ್ರದಿಂದ ಸಾರಾಂಶ ಮಾಡಿಸುವುದು. ನಾವು ಯಂತ್ರದಿಂದ 150 ಪುಟ ಬರೆಸುತ್ತೇವೆ, ಗ್ರಾಹಕರು ಇನ್ನೊಂದು ಯಂತ್ರದಿಂದ ಅದನ್ನು ಹತ್ತು ಸಾಲಿಗೆ ಇಳಿಸುತ್ತಾರೆ, ಹತ್ತು ಸಾಲು ನೋಡಿ ಒಪ್ಪಿಗೆ ಕೊಡುತ್ತಾರೆ. ಸಾರಾಂಶದಲ್ಲಿ ‘ಕಬ್ಬಿನ ಬಿಲ್ಲು ಎಫ್‌ಆರ್‌ಪಿ ನಿಯಮದಂತೆ’ ಎಂದಿರುತ್ತದೆ. ಅದು ಸುಳ್ಳಲ್ಲ. ದಾಖಲೆಯಲ್ಲಿ ಇರುವುದನ್ನು ಸಾರಾಂಶ ಹೇಳುತ್ತದೆ. ನಿವೃತ್ತಿಯ ಅಂಚಿನ ಆ ಗುಮಾಸ್ತರು ಹಿಡಿದದ್ದು ದಾಖಲೆಯಲ್ಲಿ ಇಲ್ಲದ್ದನ್ನು. ಇಪ್ಪತ್ತೈದು ಹಂಗಾಮು ಬಿಲ್ಲು ಬರೆದ ಕೈಗೆ ಮಾತ್ರ ಆ ಖಾಲಿ ಜಾಗ ಗೊತ್ತಾಗುತ್ತದೆ. ಯಂತ್ರವನ್ನು ಬಳಸಬಾರದು ಎಂದು ನಾನು ಹೇಳುತ್ತಿಲ್ಲ, ನಾನೂ ಬಳಸುತ್ತೇನೆ. ಈ ದಾಖಲೆಯಲ್ಲಿ ಯಾವ ವಾಕ್ಯಗಳಿಗೆ ಎರಡು ಅರ್ಥ ಬರುತ್ತವೆ, ಯಾವ ಸಂದರ್ಭಗಳಿಗೆ ಉತ್ತರವಿಲ್ಲ ಎಂದು ಅದನ್ನು ಕೇಳಿದರೆ ಉಪಯೋಗದ ಪ್ರಶ್ನೆಗಳು ಸಿಗುತ್ತವೆ. ಆದರೆ ಉತ್ತರ ಕೊಡಬೇಕಾದವರು ಮನುಷ್ಯರೇ.

ಓದಿಸುವುದು ಹೇಗೆ?

ನನ್ನ ಅನುಭವದಲ್ಲಿ ಫಲ ಕೊಟ್ಟ ಕೆಲವು ಕ್ರಮಗಳನ್ನು ಹೇಳುತ್ತೇನೆ. ಇವುಗಳಲ್ಲಿ ಯಾವುದೂ ಹೊಸದಲ್ಲ, ಯಾವುದಕ್ಕೂ ದುಡ್ಡು ಕೊಟ್ಟು ಸಾಧನ ಕೊಳ್ಳಬೇಕಾಗಿಲ್ಲ.

ಒಂದು, ನಿಯಮದ ಬದಲು ಲೆಕ್ಕ ಬರೆಯಿರಿ. ‘ರಿಕವರಿಯ ಆಧಾರದ ಮೇಲೆ’ ಎಂದು ಬರೆಯುವ ಜಾಗದಲ್ಲಿ, ‘ಒಬ್ಬ ರೈತ ನೂರು ಟನ್ ಕಳುಹಿಸಿದ್ದಾನೆ, ಹೋದ ವರ್ಷದ ರಿಕವರಿ 11.5, ಕಟಾವು ಮತ್ತು ಸಾಗಣೆ ಕಡಿತ ಇಷ್ಟು, ಸೊಸೈಟಿ ಸಾಲ ಇಷ್ಟು, ಕೈಗೆ ಬರುವುದು ಇಷ್ಟು’ ಎಂದು ಬರೆದರೆ ಓದದವರೂ ಓದುತ್ತಾರೆ. ನಿಯಮವನ್ನು ಕಂಡಾಗ ಜನ ತಲೆಯಾಡಿಸುತ್ತಾರೆ, ತಪ್ಪು ಮೊತ್ತವನ್ನು ಕಂಡಾಗ ಮಾತಾಡುತ್ತಾರೆ.

ಎರಡು, ನಿರ್ಧಾರಗಳನ್ನು ಬೇರೆ ಮಾಡಿ. 150 ಪುಟಗಳಲ್ಲಿ ಗ್ರಾಹಕರೇ ತೀರ್ಮಾನಿಸಬೇಕಾದ ವಿಷಯಗಳು ಇಪ್ಪತ್ತೋ ಮೂವತ್ತೋ ಇರುತ್ತವೆ. ಉಳಿದದ್ದು ನಮ್ಮ ತಂಡಕ್ಕೆ ಬೇಕಾದ ವಿವರ. ಆ ಮೂವತ್ತನ್ನು ಎರಡು ಪುಟದಲ್ಲಿ ಪ್ರಶ್ನೆಯ ರೂಪದಲ್ಲಿ ಮುಂದಿಡಿ. ಲಾಗಿನ್ ಪರದೆಯ ವಿವರಣೆಯನ್ನು ಓದಿಸಿ ಅವರನ್ನು ದಣಿಸಿದ ಮೇಲೆ ಮುಖ್ಯ ಪ್ರಶ್ನೆಗೆ ಅವರಲ್ಲಿ ಶಕ್ತಿ ಉಳಿದಿರುವುದಿಲ್ಲ.

ಮೂರು, ಕಳುಹಿಸಬೇಡಿ, ಕೂತು ಓದಿ. ಮುಕ್ಕಾಲು ಗಂಟೆ, ಹತ್ತು ಪುಟ, ಗಟ್ಟಿಯಾಗಿ. ನಮ್ಮ ಹಳ್ಳಿಗಳಲ್ಲಿ ಕರಾರುಪತ್ರವನ್ನು ಎಲ್ಲರ ಮುಂದೆ ಓದಿ ಹೇಳಿ ಸಹಿ ಹಾಕಿಸುವ ರೂಢಿ ಇತ್ತು. ಅದರ ಹಿಂದಿನ ವಿವೇಕ ಇವತ್ತಿಗೂ ಹಳತಾಗಿಲ್ಲ. ಗಟ್ಟಿಯಾಗಿ ಓದುವಾಗ ಅರ್ಥವಿಲ್ಲದ ವಾಕ್ಯ ಬರೆದವರ ಬಾಯಲ್ಲೇ ಎಡವುತ್ತದೆ.

ನಾಲ್ಕು, ಒಂದು ಸಹಿಯನ್ನು ಹಲವು ಸಹಿಗಳಾಗಿ ಒಡೆಯಿರಿ. ಕಾಟಾದ ಭಾಗಕ್ಕೆ ಕಾಟಾ ವಿಭಾಗದವರು, ಬಿಲ್ಲಿನ ಭಾಗಕ್ಕೆ ಕಬ್ಬು ಲೆಕ್ಕ ವಿಭಾಗದವರು, ಕಡಿತಗಳಿಗೆ ಅಕೌಂಟೆಂಟ್. ಎಲ್ಲರ ಸಹಿ ಕಂಡ ಮೇಲೆ ವ್ಯವಸ್ಥಾಪಕ ನಿರ್ದೇಶಕರ ಸಹಿ. ಇದರಿಂದ ಅವರ ಭಯವೂ ಇಳಿಯುತ್ತದೆ. ತಿಳಿದವರು ನೋಡಿದ್ದಾರೆ ಎಂಬ ಧೈರ್ಯವಿರುತ್ತದೆ.

ಐದು, ಓದುವವರ ಭಾಷೆಯಲ್ಲಿ ಕೊಡಿ. ಇಡೀ ದಾಖಲೆಯನ್ನು ಅನುವಾದಿಸಬೇಕಾಗಿಲ್ಲ. ಆ ಎರಡು ಪುಟದ ಪ್ರಶ್ನೆಗಳು ಮತ್ತು ಲೆಕ್ಕದ ಉದಾಹರಣೆಗಳು ಮರಾಠಿಯಲ್ಲೋ ಕನ್ನಡದಲ್ಲೋ ಇದ್ದರೆ ಸಾಕು.

ಇದಕ್ಕೆ ಖರ್ಚಿಲ್ಲವೇ? ಇದೆ. ಒಂದು ಪ್ರಾಜೆಕ್ಟಿಗೆ ಎರಡು ಮೂರು ವಾರ ಹೆಚ್ಚು ಹಿಡಿಯುತ್ತದೆ. ಒಟ್ಟು ಮೊತ್ತ ಮೊದಲೇ ನಿಗದಿಯಾದ ಗುತ್ತಿಗೆಯಲ್ಲಿ ಆ ವಾರಗಳ ಸಂಬಳ ನಮ್ಮ ಕಂಪನಿಯ ಜೇಬಿನಿಂದಲೇ. ಮ್ಯಾನೇಜರುಗಳು ಗೊಣಗುತ್ತಾರೆ, ಅವರ ಗೊಣಗಾಟಕ್ಕೂ ಅರ್ಥವಿದೆ. ‘ಹಣ ಕೊಡುವುದು ನಾವು, ಓದುವ ಕೆಲಸವೂ ನಮ್ಮದೇ?’ ಎಂದು ಗ್ರಾಹಕರು ಕೇಳಿದರೆ ಅದರಲ್ಲೂ ನ್ಯಾಯವಿದೆ. ನನ್ನ ಉತ್ತರ ಇಷ್ಟೇ. ಮನೆ ಕಟ್ಟಿಸುವಾಗ ಮೇಸ್ತ್ರಿಗೆ ಕೂಲಿ ಕೊಡುತ್ತೇವೆ, ಆದರೆ ಅಡುಗೆಮನೆ ಎಲ್ಲಿರಬೇಕೆಂದು ನಾವೇ ಹೇಳಬೇಕು. ಅದನ್ನು ಕೂಲಿಯ ಜೊತೆಗೆ ಮೇಸ್ತ್ರಿಗೆ ದಾಟಿಸಲಾಗದು.

ಒಪ್ಪಿಗೆಯ ಅರ್ಥ

ಈ ಪ್ರಶ್ನೆ ಬೇಗನೆ ಎಲ್ಲರ ಮನೆ ಬಾಗಿಲಿಗೂ ಬರಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳ ಮುಖ್ಯ ಕರ್ತವ್ಯಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಕಾಲಾವಕಾಶವಿದೆ. ಒಪ್ಪಿಗೆ ಎಂದರೆ ಸ್ವತಂತ್ರವಾಗಿ, ತಿಳಿದು, ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟದ್ದಾಗಿರಬೇಕು ಎಂದು ಈ ಕಾಯ್ದೆ ಹೇಳುತ್ತದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆಯನ್ನು ಜನರಿಗೆ ಕೊಡಬೇಕು ಎಂದೂ ಹೇಳುತ್ತದೆ. ಕನ್ನಡ ಅದರಲ್ಲಿದೆ. ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಳ್ಳುವ ಮನುಷ್ಯನಿಗೆ ತಿಳಿದು ಒಪ್ಪುವ ಹಕ್ಕಿದೆಯೆಂದು ದೇಶದ ಕಾನೂನು ಹೇಳುತ್ತಿರುವಾಗ, ಇಡೀ ಕಾರ್ಖಾನೆಯ ಲೆಕ್ಕವನ್ನು ತಲೆಕೆಳಗು ಮಾಡಬಲ್ಲ ದಾಖಲೆಗೆ ಓದದ ಸಹಿಯೇ ಸಾಕು ಎನ್ನಲು ನಮಗೆ ಯಾವ ಸಮರ್ಥನೆಯಿದೆ?

ಆದರೆ ಕಾಯ್ದೆಯೂ ಒಂದು ಅಪಾಯವನ್ನು ತರಬಹುದು. ಇಂಗ್ಲಿಷಿನ ಅರ್ಥವಾಗದ ಸೂಚನೆಯನ್ನು ಯಂತ್ರದಿಂದ ಅರ್ಥವಾಗದ ಕನ್ನಡಕ್ಕೆ ತಿರುಗಿಸಿ ‘ಒಪ್ಪುತ್ತೇನೆ’ ಎಂಬ ಬಟನ್ ಇಟ್ಟರೆ ಕಾನೂನಿನ ಅಕ್ಷರ ಪಾಲಿಸಿದಂತೆ ತೋರಿಸಿಕೊಳ್ಳಬಹುದು. ಓದುವವನು ಮಾತ್ರ ಇದ್ದಲ್ಲೇ ಇರುತ್ತಾನೆ. ಆ ಸೂಚನೆಗಳನ್ನು ಬರೆಸುವ, ಪರಿಶೀಲಿಸುವ ಕೆಲಸ ಮುಂದಿನ ತಿಂಗಳುಗಳಲ್ಲಿ ನಮ್ಮಂಥವರ ಮೇಜಿಗೇ ಬರುತ್ತದೆ. ಮುಂಬೈ, ಹೈದರಾಬಾದ್, ಪುಣೆ, ಚೆನ್ನೈನ ಕಚೇರಿಗಳಲ್ಲಿ ‘ನಿಮಗೆ ಕನ್ನಡ ಬರುತ್ತಲ್ಲ, ಇದನ್ನೊಮ್ಮೆ ನೋಡಿ’ ಎಂದು ಕಡತ ಕಳುಹಿಸುತ್ತಾರೆ. ನಾವು ಕಣ್ಣಾಡಿಸಿ ‘ಅಪ್ರೂವ್ಡ್’ ಎಂದು ಬರೆಯುವುದು ಬಹಳ ಸುಲಭ.

ಹೊರನಾಡಿನಲ್ಲಿರುವ ನಾವು ದಿನವೂ ಎರಡು ಮೂರು ಭಾಷೆಗಳ ನಡುವೆ ಬದುಕುತ್ತೇವೆ. ಮೀಟಿಂಗಿನಲ್ಲಿ ಇಂಗ್ಲಿಷ್, ಲಿಫ್ಟಿನಲ್ಲಿ ಮರಾಠಿಯೋ ತೆಲುಗೋ ಹಿಂದಿಯೋ, ಮನೆಗೆ ಫೋನ್ ಮಾಡಿದಾಗ ಕನ್ನಡ. ಒಂದು ಭಾಷೆಯಲ್ಲಿ ಸ್ಪಷ್ಟವಾಗಿದ್ದದ್ದು ಇನ್ನೊಂದರಲ್ಲಿ ಹೇಗೆ ಮಸುಕಾಗುತ್ತದೆ ಎಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಈ ಕೆಲಸಕ್ಕೆ ಅದು ದೊಡ್ಡ ಬಂಡವಾಳ. ಮುಂದಿನ ಸಲ ನಿಮ್ಮ ಕೈಗೆ ಇಂಥದೊಂದು ದಾಖಲೆ ಬಂದಾಗ, ಸಹಿ ಹಾಕುವ ಕಡೆಯಲ್ಲಿರಿ ಅಥವಾ ಹಾಕಿಸಿಕೊಳ್ಳುವ ಕಡೆಯಲ್ಲಿರಿ, ಇದು ತಪ್ಪಾದರೆ ಕೌಂಟರಿನ ಮುಂದೆ ಬಂದು ನಿಲ್ಲುವವರು ಯಾರು ಎಂದು ಕೇಳಿ. ಆ ಮನುಷ್ಯನಿಗೆ, ಅಥವಾ ಅವನಿಗೆ ಉತ್ತರಿಸಬೇಕಾದ ಗುಮಾಸ್ತನಿಗೆ, ಒಂದು ಪುಟವನ್ನಾದರೂ ಓದಿ ಹೇಳಿ. ಆಮೇಲೆ ಸಹಿ ಹಾಕಿಸಿ.